ಕನ್ನಡಿ ಮೇಷ್ಟ್ರ ಏಳು ನಿಮಿಷ

ಬಿಸಿಲನ್ನು ಕನ್ನಡಿಗಳಿಂದ ಒಂದೆಡೆ ಕೂಡಿಸಿ, ಆ ಕಾವಿನಲ್ಲಿ ಉಪ್ಪನ್ನು ಕಾಯಿಸಿ, ಕಾದ ಉಪ್ಪಿನಿಂದ ಹಬೆಯನ್ನೂ ಹಬೆಯಿಂದ ವಿದ್ಯುತ್ತನ್ನೂ ತೆಗೆಯುವ ಕೆಲಸ ನಮ್ಮಲ್ಲಿ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಅದನ್ನು ಪುಸ್ತಕದಿಂದಲ್ಲದೆ ಕೈಯಿಂದ ಕಲಿತು, ಕಲಿತದ್ದನ್ನು ನೂರಾ ನಲವತ್ತು ಮಂದಿಗೆ ಕಲಿಸಿದವರೊಬ್ಬರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ನೌಕರರ ಪಟ್ಟಿಯಲ್ಲಿ ಅವರು ಕನ್ನಡಿ ವಿಭಾಗದ ಹಿರಿಯ ಆಪರೇಟರ್. ಗೇಟಿನ ಕಾವಲುಗಾರರಿಂದ ಮುಖ್ಯ ಎಂಜಿನಿಯರ್‌ವರೆಗೆ ಎಲ್ಲರ ಬಾಯಲ್ಲೂ ಅವರು ಕನ್ನಡಿ ಮೇಷ್ಟ್ರು. ಗೋಪುರದ ಮೇಲೆ ಹೋದವರು ಕೆಳಗಿಳಿದು ತಮ್ಮ ದನಿಯಲ್ಲೇ ‘ಇಳಿದಿದ್ದೇನೆ’ ಎಂದು ಹೇಳುವ ತನಕ ಒಂದು ಕನ್ನಡಿಯನ್ನೂ ಎತ್ತಬಾರದು ಎಂಬ ನಿಯಮವನ್ನು ಈಗ ನಮ್ಮದಲ್ಲದೆ ಇನ್ನೂ ನಾಲ್ಕು ಸ್ಥಾವರಗಳು ಪಾಲಿಸುತ್ತಿವೆ. ಆ ನಿಯಮ ಮೇಷ್ಟ್ರದು.

ಈ ಅಭಿನಂದನ ಗ್ರಂಥಕ್ಕೆ ಅವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಇಪ್ಪತ್ತೆರಡು ವರ್ಷಗಳ ಹಿಂದೆ ನಮ್ಮ ಗೋಪುರದ ಮೇಲೆ ಬೆಳಕಿಗೆ ಸಿಕ್ಕಿ ಸುಟ್ಟು, ಒಂಬತ್ತನೆಯ ದಿನ ತೀರಿಕೊಂಡ ಬಣ್ಣದ ಕೆಲಸಗಾರರು ಹೊತ್ತು ಮೀರಿ ಮೇಲಿದ್ದರೋ ಇಲ್ಲವೋ ಎಂಬುದನ್ನು ಈ ಲೇಖನ ಸ್ಪಷ್ಟವಾಗಿ ಹೇಳಬೇಕು. ಹೇಳದಿದ್ದರೆ ಗ್ರಂಥವೂ ಬೇಡ, ಸಮಾರಂಭವೂ ಬೇಡ. ಷರತ್ತು ಮೂಲತಃ ಅವರದಲ್ಲ. ಯಾರದೆಂಬುದು ಮುಂದೆ ಬರುತ್ತದೆ.

ಮೇಷ್ಟ್ರು ಬಿಸಿಲಿನ ಕೆಲಸಕ್ಕೆ ಬಂದದ್ದು ಕಲ್ಲಿದ್ದಲಿನಿಂದ. ಹನ್ನೆರಡು ವರ್ಷ ಅವರು ಒಂದು ಕಲ್ಲಿದ್ದಲು ಸ್ಥಾವರದಲ್ಲಿ ಮೀಟರುಗಳ ಮೆಕ್ಯಾನಿಕ್ ಆಗಿದ್ದರು. ಕರವಸ್ತ್ರಕ್ಕೆ ಮೂಗು ಒರೆಸಿದರೆ ಕಪ್ಪು ಬರುತ್ತಿದ್ದ ದಿನಗಳು. ಹೊಸ ಸ್ಥಾವರಕ್ಕೆ ಆಯ್ಕೆಯಾದ ಕಾಗದ ಕೈಗೆ ಬಂದಾಗ, ಇನ್ನು ಮೇಲೆ ನನ್ನ ಕೈಗೆ ಮಸಿ ಅಂಟುವುದಿಲ್ಲ ಎಂದು ಹೆಂಡತಿಗೆ ಹೇಳಿದ್ದರಂತೆ. ಆ ಮಾತನ್ನು ಈಗ ಅವರೇ ಜ್ಞಾಪಿಸಿಕೊಂಡು, ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಹೊರಗಿನ ಓದುಗರಿಗಾಗಿ ಸ್ಥಾವರದ ಬಗ್ಗೆ ನಾಲ್ಕು ಮಾತು. ನಡುವೆ ನೂರಾ ಎಪ್ಪತ್ತು ಮೀಟರ್ ಎತ್ತರದ ಗೋಪುರ; ಸುತ್ತ ಒಂಬತ್ತು ಸಾವಿರದ ಇನ್ನೂರು ಕನ್ನಡಿಗಳು, ಒಂದೊಂದೂ ಒಂದು ಕೋಣೆಯ ನೆಲದಷ್ಟು ಅಗಲ. ಸೂರ್ಯ ಎಲ್ಲಿದ್ದಾನೆಂದು ಕನ್ನಡಿ ಕಣ್ಣು ತೆರೆದು ನೋಡುವುದಿಲ್ಲ. ಅದು ಗಡಿಯಾರ ನೋಡುತ್ತದೆ. ಇಂಥ ದಿನ, ಇಷ್ಟು ಗಂಟೆ, ಇಷ್ಟು ನಿಮಿಷವೆಂದರೆ ಸೂರ್ಯ ಇಂಥಲ್ಲಿರಬೇಕು ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ತಿರುಗಿ, ಬೆಳಕನ್ನು ಗೋಪುರದ ನೆತ್ತಿಗೆ ಎಸೆಯುತ್ತದೆ. ನೆತ್ತಿಯಲ್ಲಿ ಉಪ್ಪು ಹರಿಯುವ ಕೊಳವೆಗಳಿವೆ, ಅದೇ ಗುರಿ. ಅದರಿಂದ ಸುಮಾರು ಹತ್ತು ಮೀಟರ್ ಕೆಳಗೆ ಒಂದು ದೊಡ್ಡ ಬಿಳಿ ಫಲಕ. ಒಂದೊಂದೇ ಕನ್ನಡಿಯ ಬೆಳಕನ್ನು ಆ ಫಲಕದ ಮೇಲೆ ಬೀಳಿಸಿ, ಕ್ಯಾಮೆರಾದಲ್ಲಿ ನೋಡಿ, ಕನ್ನಡಿಯ ಗುರಿ ನೆಟ್ಟಗಿದೆಯೇ ಎಂದು ಪರೀಕ್ಷಿಸುತ್ತಾರೆ. ಗಡಿಯಾರ ತಪ್ಪಿದರೆ ಬೆಳಕು ತಪ್ಪುತ್ತದೆ ಎಂಬಷ್ಟನ್ನು ಓದುಗರು ನೆನಪಿಟ್ಟರೆ ಸಾಕು.

ಇಂಥ ಕೆಲಸದಲ್ಲಿ ಮೇಷ್ಟ್ರು ಎಷ್ಟು ನುರಿತವರಾಗಿದ್ದರೆಂದರೆ, ಮೋಡದ ಅಂಚು ಮೊದಲ ಸಾಲಿನ ಕನ್ನಡಿಗಳ ಮೇಲೆ ಬಂದ ಕೂಡಲೆ, ಇನ್ನು ಎಷ್ಟು ಹೊತ್ತಿನಲ್ಲಿ ಕೊಳವೆಯ ಉಪ್ಪು ಹೆಪ್ಪುಗಟ್ಟುವ ಅಂಚಿಗೆ ಬರುತ್ತದೆಂದು ಬಾಯಲ್ಲೇ ಹೇಳುತ್ತಿದ್ದರು. ನಮ್ಮ ಉಪ್ಪಿನ ಕಾವು ಇನ್ನೂರ ನಲವತ್ತು ಡಿಗ್ರಿಗಿಂತ ಕೆಳಗಿಳಿದರೆ ಅದು ಕೊಳವೆಯಲ್ಲೇ ಕಲ್ಲಾಗುತ್ತದೆ. ಹೆಂಡತಿಯ ಮುನಿಸು ಮೂರು ದಿನ, ಉಪ್ಪಿನ ಮುನಿಸು ಮೂರು ತಿಂಗಳು ಎಂಬುದು ಹೊಸಬರಿಗೆ ಅವರ ಮೊದಲ ಪಾಠ. ಒಮ್ಮೆ ಕೆಲಸಕ್ಕೆ ಸೇರಿ ಏಳು ತಿಂಗಳಾದ ಆಪರೇಟರ್ ಒಬ್ಬರು ಕೊಳವೆ ಬಿಸಿಯಿಡುವ ಸ್ವಿಚ್ಚನ್ನು ಮರೆತು ಅರವತ್ತು ಮೀಟರ್ ಕೊಳವೆಯನ್ನು ಕಲ್ಲಾಗಿಸಿದರು. ಹನ್ನೊಂದು ದಿನ ಮೇಷ್ಟ್ರು ಆ ಕೊಳವೆಯ ಪಕ್ಕ ಕುಳಿತು ಅದನ್ನು ಇಂಚಿಂಚಾಗಿ ಕಾಯಿಸಿ ಕರಗಿಸಿದರು, ಆಪರೇಟರನ್ನು ಬೈಯಲಿಲ್ಲ. ಆದರೆ ಮೊದಲ ದಿನವೇ ಅವರ ಮುಂದೆ ಒಂದು ಹಾಳೆ ಇಟ್ಟರು.

“ಏನಾಯ್ತು ಅಂತ ಇವತ್ತೇ ಬರಿ. ನಾಳೆಗೆ ಕೈ ಭಾರ ಆಗುತ್ತೆ.”

ಆ ಆಪರೇಟರ್ ಬರೆದರು, ಕೆಲಸ ಉಳಿಯಿತು. ಇದು ಮೇಷ್ಟ್ರ ದೊಡ್ಡ ಗುಣವೆಂದು ಸ್ಥಾವರದಲ್ಲಿ ಇಂದಿಗೂ ಹೇಳುತ್ತಾರೆ. ಅದು ಅನುಭವದ ಮಾತು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಕಂಟ್ರೋಲ್ ರೂಮಿನ ಬಾಗಿಲ ಪಕ್ಕ ಗೋಡೆಗೆ ಹೊಡೆದ ಒಂದು ಮರದ ಪೆಟ್ಟಿಗೆ ಇದೆ. ಒಳಗೆ ಬರುವವರು ಯಾರೇ ಆಗಲಿ, ಕೈಗಡಿಯಾರವನ್ನು ಬಿಚ್ಚಿ ಅದರಲ್ಲಿ ಹಾಕಿ ಬರಬೇಕು. ಇದು ಕೂಡ ಮೇಷ್ಟ್ರು ತಂದ ಪದ್ಧತಿ, ಇಪ್ಪತ್ತೆರಡು ವರ್ಷಗಳಿಂದ ನಡೆದಿದೆ. ಒಳಗೆ ಒಂದೇ ಗಡಿಯಾರ, ಗೋಡೆಯ ಮೇಲೆ. ಹೊಸಬರು ಇದನ್ನು ಮೇಷ್ಟ್ರ ಹುಚ್ಚು ಎಂದು ನಗುತ್ತಿದ್ದರು. ಸಂಜೆ ಪೆಟ್ಟಿಗೆಯಿಂದ ಬೇರೆಯವರ ವಾಚು ಕಟ್ಟಿಕೊಂಡು ಹೋದವರುಂಟು. ಮೇಷ್ಟ್ರು ನಿವೃತ್ತರಾದ ಮೇಲೆ ವಾಚಿನಂಗಡಿ ತೆರೆಯುತ್ತಾರೆ, ಸರಕು ಈಗಲೇ ಕೂಡಿಸುತ್ತಿದ್ದಾರೆ ಎಂದು ಕುಚೋದ್ಯ ಮಾಡಿದವರುಂಟು. ಮೇಷ್ಟ್ರು ತಾವೂ ನಗುತ್ತಿದ್ದರು. ಅವರ ಕೈಯಲ್ಲಿ ಮಾತ್ರ ಬಿಚ್ಚಿಡಲು ವಾಚಿರಲಿಲ್ಲ.

ಮೊದಲು ಇತ್ತು. ಆಗ ಅವರ ಮನೆ ಸಿಬ್ಬಂದಿಯ ವಸತಿಯ ಕೊನೆಯ ಸಾಲಿನಲ್ಲಿ. ಅಲ್ಲಿಂದ ಸ್ಥಾವರದ ಬಸ್ಸು ನಿಲ್ಲುವ ಜಾಗಕ್ಕೆ ಏಳು ನಿಮಿಷದ ನಡಿಗೆ. ಬಸ್ಸು ಆರು ಹತ್ತಕ್ಕೆ ಹೊರಡುತ್ತಿತ್ತು, ಯಾರಿಗೂ ಕಾಯುತ್ತಿರಲಿಲ್ಲ. ಮೊದಲ ತಿಂಗಳಲ್ಲಿ ಮೇಷ್ಟ್ರು ಮೂರು ಸಲ ಬಸ್ಸು ತಪ್ಪಿಸಿಕೊಂಡು ವಾಪಸು ಬಂದು ಬಾಗಿಲಲ್ಲಿ ನಿಂತಾಗ, ಅವರ ಹೆಂಡತಿ ಗೋಡೆಯ ಗಡಿಯಾರವನ್ನೂ ಗಂಡನ ಕೈಗಡಿಯಾರವನ್ನೂ ಏಳು ನಿಮಿಷ ಮುಂದಕ್ಕೆ ತಿರುಗಿಸಿಟ್ಟರು. ಲೆಕ್ಕ ಸರಳವಾಗಿತ್ತು: ವಾಚಿನಲ್ಲಿ ಆರು ಹತ್ತಾದರೆ ಮನೆಯ ಹೊಸ್ತಿಲು ದಾಟಬೇಕು, ಕೂಡುವ ಕಳೆಯುವ ತಲೆನೋವು ಇಲ್ಲ. ಅಂದಿನಿಂದ ಬಸ್ಸು ತಪ್ಪಲಿಲ್ಲ. ಕೆಲಸದ ಜಾಗದಲ್ಲಿ ಮೇಷ್ಟ್ರು ಕಂಟ್ರೋಲ್ ರೂಮಿನ ಗಡಿಯಾರವನ್ನೇ ನೋಡುತ್ತಿದ್ದುದರಿಂದ ಈ ಏಳು ನಿಮಿಷ ಸಂಸಾರದ ಗುಟ್ಟಾಗಿಯೇ ಉಳಿದಿತ್ತು.

ಸ್ಥಾವರ ಶುರುವಾದ ನಾಲ್ಕನೆಯ ತಿಂಗಳಿನ ಒಂದು ಮಧ್ಯಾಹ್ನ. ಬಿಳಿ ಫಲಕಕ್ಕೆ ಕಾವು ತಡೆಯುವ ಬಣ್ಣ ಬಳಿಯಬೇಕಿತ್ತು. ಒಂದು ಗಂಟೆಯಿಂದ ಮೂರು ಗಂಟೆವರೆಗೆ ಎಲ್ಲ ಕನ್ನಡಿಗಳನ್ನೂ ಅಂಗಾತ ಮಲಗಿಸಿ, ಬಣ್ಣದ ಕೆಲಸಗಾರರಿಗೆ ಮೇಲೆ ಹೋಗಲು ಪರ್ಮಿಟ್ ಕೊಡಲಾಗಿತ್ತು. ಎರಡು ಐವತ್ತೈದಕ್ಕೆ ಸೈರನ್. ಐದು ನಿಮಿಷದಲ್ಲಿ ಸಾಮಾನು ಎತ್ತಿಕೊಂಡು ಲಿಫ್ಟಿನೊಳಗೆ ಬಂದು ಸೇರಬೇಕು. ಲಿಫ್ಟಿನ ಗೋಡೆ ಕಾಂಕ್ರೀಟು, ಒಳಗೆ ಬಂದವರಿಗೆ ಭಯವಿಲ್ಲ. ಮೂರು ಗಂಟೆ ಐದು ನಿಮಿಷಕ್ಕೆ ಕನ್ನಡಿಗಳು ತಾವಾಗಿ ಏಳುತ್ತವೆ. ಅಂದು ಮೇಲೆ ಹೋದವರು ಒಬ್ಬರೇ, ಎಲ್ಲರೂ ಬಣ್ಣದಣ್ಣ ಎಂದು ಕರೆಯುತ್ತಿದ್ದ ಮೂವತ್ತನಾಲ್ಕು ವರ್ಷದ ಮನುಷ್ಯ. ಅವರಿಗೆ ತಡಮಾಡುವವರೆಂಬ ಹೆಸರಿತ್ತು, ಅದು ಸುಳ್ಳಲ್ಲ. ತಮ್ಮ ಮದುವೆಗೂ ಮುಕ್ಕಾಲು ಗಂಟೆ ತಡವಾಗಿ ಬಂದರೆಂದು ಅವರ ಹೆಂಡತಿಯೇ ಹೇಳಿ ನಗಿಸುತ್ತಿದ್ದರು.

ಎರಡು ಗಂಟೆ ದಾಟಿದ ಮೇಲೆ ಪೂರ್ವ ವಿಭಾಗದ ನೂರಾ ಹನ್ನೆರಡು ಕನ್ನಡಿಗಳನ್ನು ನಡೆಸುವ ಪೆಟ್ಟಿಗೆಗೆ ಕರೆಂಟು ಹೋಯಿತು. ಮೇಷ್ಟ್ರು ಜೀಪಿನಲ್ಲಿ ಹೋಗಿ, ಕನ್ನಡಿಗಳ ಸಾಲಿನ ನಡುವಿನ ತಗಡಿನ ಶೆಡ್ಡಿನಲ್ಲಿ ಫ್ಯೂಸು ಬದಲಾಯಿಸಿದರು. ಪೆಟ್ಟಿಗೆ ಎದ್ದಿತು, ಆದರೆ ಮುಖ್ಯ ಗಡಿಯಾರದೊಂದಿಗೆ ಅದರ ಸಂಪರ್ಕ ಬರಲಿಲ್ಲ. ಗಂಟೆ ಎಷ್ಟು ಎಂದು ಅದು ಕೇಳಿತು. ಗಾಳಿಗೆ ಬಡಿಯುತ್ತಿದ್ದ ಶೆಡ್ಡಿನ ಬಾಗಿಲನ್ನು ಮೇಷ್ಟ್ರು ಒಂದು ಕೈಯಲ್ಲಿ ಹಿಡಿದುಕೊಂಡು, ಆ ಕೈಯ ವಾಚನ್ನೇ ನೋಡಿ, ಇನ್ನೊಂದು ಕೈಯಲ್ಲಿ ಒತ್ತಿದರು: ಎರಡು ಇಪ್ಪತ್ತೊಂಬತ್ತು.

ಆಗ ಎರಡು ಇಪ್ಪತ್ತೆರಡಾಗಿತ್ತು.

ಉಳಿದದ್ದನ್ನು ಯಂತ್ರಗಳು ಮಾಡಿದವು. ಬೇರೆಲ್ಲ ವಿಭಾಗಗಳ ಕನ್ನಡಿಗಳು ಮಲಗಿದ್ದ ಹೊತ್ತಿನಲ್ಲಿ, ಪೂರ್ವ ವಿಭಾಗ ತನ್ನ ಲೆಕ್ಕದ ಮೂರು ಐದಕ್ಕೆ, ಅಂದರೆ ನಿಜವಾದ ಎರಡು ಐವತ್ತೆಂಟಕ್ಕೆ ಎದ್ದಿತು. ಎದ್ದ ಮೇಲೂ ಅದು ಸೂರ್ಯ ಏಳು ನಿಮಿಷದಷ್ಟು ಹೆಚ್ಚು ಇಳಿದಿದ್ದಾನೆಂದೇ ತಿಳಿದಿತ್ತು. ಆದ್ದರಿಂದ ಬೆಳಕು ಗೋಪುರದ ನೆತ್ತಿಗೆ ಹೋಗದೆ ಹತ್ತು ಮೀಟರ್ ಕೆಳಗೆ ಬಿತ್ತು. ಕಂಟ್ರೋಲ್ ರೂಮಿಗೆ ಆಗತಾನೆ ಮರಳಿದ್ದ ಮೇಷ್ಟ್ರು ಕ್ಯಾಮೆರಾದಲ್ಲಿ ಫಲಕ ಬೆಳ್ಳಗೆ ಉರಿಯುವುದನ್ನು ಕಂಡು, ಗಡಿಯಾರದ ಕಡೆ ನೋಡದೆ, ಎಲ್ಲ ಕನ್ನಡಿಗಳನ್ನೂ ಬೇರೆಡೆ ತಿರುಗಿಸುವ ಕೆಂಪು ಗುಂಡಿ ಒತ್ತಿದರು. ಬೆಳಕು ಫಲಕದ ಮೇಲಿದ್ದದ್ದು ಒಂದು ನಿಮಿಷಕ್ಕಿಂತ ಕಡಿಮೆ. ಬಣ್ಣದಣ್ಣ ಬೆನ್ನು, ಕುತ್ತಿಗೆ, ಎರಡೂ ಕೈ ಸುಟ್ಟುಕೊಂಡು, ಕಣ್ಣು ಕಾಣದೆ ಕಂಬಿ ತಡವಿಕೊಂಡು ಲಿಫ್ಟಿನ ತನಕ ತಾವೇ ನಡೆದು ಬಂದರು.

ಮೂರನೆಯ ದಿನ ತನಿಖೆಯವರು ಬಂದರು. ಪೂರ್ವ ವಿಭಾಗ ಎಷ್ಟು ಹೊತ್ತಿಗೆ ಎದ್ದಿತೆಂದು ಮೇಷ್ಟ್ರನ್ನು ಕೇಳಿದರು. ಅದರ ದಾಖಲೆಯಲ್ಲಿ ಮೂರು ಐದು ಎಂದಿದೆ ಎಂದು ಅವರು ಇದ್ದದ್ದನ್ನು ಹೇಳಿದರು. ಬೆಳಕು ಕೆಳಗೆ ಬಿದ್ದದ್ದೇಕೆ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಮುಖ್ಯ ಗಡಿಯಾರದ ಸಂಪರ್ಕ ಮರುದಿನ ತಾನಾಗಿ ಬಂದು, ಪೆಟ್ಟಿಗೆಯ ಗಂಟೆ ತಾನಾಗಿ ಸರಿಯಾಗಿ, ಕನ್ನಡಿಗಳು ಮತ್ತೆ ನೆಟ್ಟಗೆ ನೋಡುತ್ತಿದ್ದವು. ಹೊಸ ಯಂತ್ರದ ಹೊಂದಾಣಿಕೆಯ ದೋಷವೆಂದು ಬರೆದುಕೊಂಡರು. ಬಣ್ಣದ ಕೆಲಸಗಾರ ಪರ್ಮಿಟ್ಟಿನ ಅವಧಿ ಮುಗಿದು ಐದು ನಿಮಿಷವಾದರೂ ಮೇಲೆಯೇ ಉಳಿದಿದ್ದ ಎಂದೂ ಬರೆದುಕೊಂಡರು. ತಡಮಾಡುವವರೆಂದು ಹೆಸರಾದ ಮನುಷ್ಯನ ವಿಷಯದಲ್ಲಿ ಈ ಮಾತನ್ನು ಎರಡನೆಯ ಸಲ ಯೋಚಿಸಿದವರಿಲ್ಲ. ವರದಿಯ ಅಚ್ಚಾದ ಪ್ರತಿಗೆ ಮೊದಲೇ ಸುದ್ದಿ ಆಸ್ಪತ್ರೆಯ ಮೊಗಸಾಲೆಗೂ ಮುಟ್ಟಿತ್ತು.

ನಾಲ್ಕನೆಯ ದಿನ ಮೇಷ್ಟ್ರು ಆಸ್ಪತ್ರೆಗೆ ಹೋದರು. ಬಣ್ಣದಣ್ಣನ ಕಣ್ಣಿಗೆ ಪಟ್ಟಿ ಕಟ್ಟಿತ್ತು, ದನಿ ಇತ್ತು. ಅವರು ನೋವಿನ ಮಾತು ಆಡಲಿಲ್ಲ. ಸೈರನ್ ಆದ ಕೂಡಲೆ ಬ್ರಷ್ಷು ಒರೆಸಿಟ್ಟು ಡಬ್ಬಿಗಳಿಗೆ ಮುಚ್ಚಳ ಬಡಿಯತೊಡಗಿದ್ದಾಗಿ ಹೇಳಿದರು.

“ಎರಡು ಡಬ್ಬಿ ಆಗಿತ್ತು, ಮೂರನೇದಕ್ಕೆ ಕೈ ಹಾಕಿದ್ದೆ ಅಷ್ಟೆ. ಐದು ನಿಮಿಷ ಅಂದ್ರೆ ಇಷ್ಟೇನಾ ಸಾರ್?”

ಮೇಷ್ಟ್ರು ಹೊರಗೆ ಬಂದು ಬೆಂಚಿನ ಮೇಲೆ ಕೂತು, ಎರಡು ಡಬ್ಬಿಗೆ ಮುಚ್ಚಳ ಹಾಕಲು ಎಷ್ಟು ಹೊತ್ತು ಹಿಡಿಯಬಹುದೆಂದು ಲೆಕ್ಕ ಹಾಕುತ್ತ ವಾಚು ನೋಡಿಕೊಂಡರು. ನಾಲ್ಕು ಇಪ್ಪತ್ತೇಳು. ತಲೆಯೆತ್ತಿದರು. ಎದುರಿನ ಗೋಡೆಯಲ್ಲಿ ಆಸ್ಪತ್ರೆಯ ಗಡಿಯಾರವಿತ್ತು. ನಾಲ್ಕು ಇಪ್ಪತ್ತು.

ತಾವು ಆ ಬೆಂಚಿನಿಂದ ಎದ್ದದ್ದು ಯಾವಾಗ, ಮನೆಗೆ ಬಂದದ್ದು ಹೇಗೆ ಎಂಬುದು ಅವರಿಗೆ ನೆನಪಿಲ್ಲ. ಮನೆಯ ಗೋಡೆಯ ಗಡಿಯಾರವನ್ನು ಇಳಿಸಿ ಏಳು ನಿಮಿಷ ಹಿಂದಕ್ಕೆ ತಿರುಗಿಸಿದ್ದು ನೆನಪಿದೆ. ಏಕೆಂದು ಕೇಳಿದ ಹೆಂಡತಿಗೆ, ಸುಳ್ಳು ಗಡಿಯಾರ ಮನೆಯಲ್ಲಿರಬಾರದು ಎಂದರಂತೆ. ವಾಚು ಕಳೆದುಹೋಯಿತು ಎಂದರಂತೆ. ಅದು ಅವರು ಹೆಂಡತಿಗೆ ಹೇಳಿದ ಮೊದಲ ಸುಳ್ಳು.

ಐದನೆಯ ದಿನ ಅವರು ಎಲ್ಲವನ್ನೂ ಎರಡು ಹಾಳೆಯಲ್ಲಿ ಬರೆದು ಅಂದಿನ ಮುಖ್ಯ ಎಂಜಿನಿಯರ್ ಕೈಗೆ ಕೊಟ್ಟರು. ಮುಖ್ಯ ಎಂಜಿನಿಯರ್ ಓದಿ, ಮಡಿಸಿ, ಮೇಜಿನ ಡ್ರಾಯರಿನಲ್ಲಿ ಇಟ್ಟರು. ಸ್ಥಾವರಕ್ಕೆ ನಾಲ್ಕು ತಿಂಗಳು, ಇದನ್ನು ಮುಚ್ಚಿಸಬೇಕೆಂದು ಕಾದು ಕೂತವರು ಹತ್ತು ಮಂದಿ, ಮುನ್ನೂರು ಜನರ ಅನ್ನ ಇಲ್ಲಿದೆ ಎಂದು ವಿವರಿಸಿದರು. ಆ ಮನುಷ್ಯ ಬದುಕಿದರೆ ನೋಡೋಣ ಎಂದರು. ಬಣ್ಣದಣ್ಣ ತೀರಿಕೊಂಡ ಮೇಲೆ ಮೇಷ್ಟ್ರು ಮತ್ತೆ ಹೋದಾಗ ಅವರು ಹೇಳಿದ್ದು ಇಷ್ಟೆ: “ಹೋದವನು ವಾಪಸ್ ಬರ್ತಾನೇನಯ್ಯ? ಇರೋರನ್ನ ನೋಡು.” ಆ ಮುಖ್ಯ ಎಂಜಿನಿಯರ್ ಈಗಿಲ್ಲ. ತಮ್ಮ ಪರವಾಗಿ ಅವರಿಗೆ ಹೇಳಲು ಏನಿತ್ತೆಂದು ಕೇಳುವ ಅವಕಾಶ ನಮಗಿಲ್ಲ, ಆದ್ದರಿಂದ ಅವರ ಮೇಲೆ ಇದಕ್ಕಿಂತ ಹೆಚ್ಚು ಹೇಳುವುದು ನ್ಯಾಯವಲ್ಲ. ತಮ್ಮ ಬಾಯಿ ಮುಚ್ಚಿಸಿದ್ದು ಅವರಲ್ಲ ಎಂದು ಮೇಷ್ಟ್ರೇ ಹೇಳುತ್ತಾರೆ. ಮೂರನೆಯ ಸಲ ಹೋಗಬಹುದಿತ್ತು, ಬೇರೆ ಬಾಗಿಲು ತಟ್ಟಬಹುದಿತ್ತು. ಹೋಗಲಿಲ್ಲ, ತಟ್ಟಲಿಲ್ಲ.

ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಸೇವೆ. ವಾಚಿನ ಪೆಟ್ಟಿಗೆ ಬಂದದ್ದು ಆ ತಿಂಗಳೇ. ಯಾವ ಶೆಡ್ಡಿನ ಪೆಟ್ಟಿಗೆಯೂ ಕೈಯಿಂದ ಗಂಟೆ ಸ್ವೀಕರಿಸದಂತೆ ಬದಲಾವಣೆ ಮಾಡಿಸಿದವರು ಮೇಷ್ಟ್ರು. ಮೇಲೆ ಹೋದವರ ದನಿ ಕೇಳದೆ ಕನ್ನಡಿ ಎತ್ತಬಾರದೆಂಬ ನಿಯಮಕ್ಕಾಗಿ ಮೂರು ವರ್ಷ ಮೇಲಿನವರೊಡನೆ ಜಗಳವಾಡಿದವರೂ ಅವರೇ. ಇದರಿಂದ ದಿನಕ್ಕೆ ಹತ್ತು ನಿಮಿಷ ಬಿಸಿಲು ನಷ್ಟ ಎಂದವರಿಗೆ, ಬಿಸಿಲು ನಾಳೆಯೂ ಬರುತ್ತದೆ ಎಂದು ಉತ್ತರ ಕೊಟ್ಟರು. ಇಪ್ಪತ್ತೆರಡು ವರ್ಷಗಳಲ್ಲಿ ನಮ್ಮ ಗೋಪುರದ ಮೇಲೆ ಇನ್ನೊಬ್ಬರ ಕೂದಲೂ ಕೊಂಕಿಲ್ಲ.

ಬಣ್ಣದಣ್ಣನ ಹೆಂಡತಿಗೆ ಸ್ಥಾವರದಲ್ಲಿ ಕೆಲಸ ಕೊಡಿಸಿದವರು ಮೇಷ್ಟ್ರು. ಕನ್ನಡಿ ತೊಳೆಯುವ ತಂಡದಲ್ಲಿ ಸೇರಿದ ಆಕೆ ಈಗ ಆ ತಂಡದ ಮುಖ್ಯಸ್ಥೆ. ನೀರಿನ ಲಾರಿ ಅವರ ಸುಪರ್ದಿಯಲ್ಲಿರುವುದರಿಂದ ಎಲ್ಲರಿಗೂ ನೀರಕ್ಕ. ಆಕೆಯ ಮಗಳಿಗೆ ಮೇಷ್ಟ್ರು ಗಣಿತ ಹೇಳಿಕೊಟ್ಟದ್ದು, ನೀರಕ್ಕ ಕಾಯಿಲೆ ಬಿದ್ದಾಗ ಮೇಷ್ಟ್ರ ಮನೆಯಾಕೆ ಹದಿನೈದು ದಿನ ಪಕ್ಕದಲ್ಲಿದ್ದು ನೋಡಿಕೊಂಡದ್ದು ಸ್ಥಾವರದಲ್ಲಿ ಹಲವರಿಗೆ ಗೊತ್ತು. ಇವನ್ನು ಉಪಕಾರಗಳ ಪಟ್ಟಿಗೆ ಸೇರಿಸಬೇಡಿ ಎಂದು ಮೇಷ್ಟ್ರು ಕೇಳಿಕೊಂಡಿದ್ದಾರೆ. ಸೇರಿಸುತ್ತಿಲ್ಲ, ನಡೆದವು ಎಂದಷ್ಟೇ ಹೇಳುತ್ತಿದ್ದೇವೆ.

ಹದಿನೈದು ದಿನಕ್ಕೊಮ್ಮೆ ನೀರಕ್ಕನ ಲಾರಿ ಪೂರ್ವ ವಿಭಾಗಕ್ಕೆ ಹೋಗುತ್ತದೆ. ಆ ನೂರಾ ಹನ್ನೆರಡು ಕನ್ನಡಿಗಳನ್ನು ಆಕೆ ಐನೂರಕ್ಕೂ ಹೆಚ್ಚು ಸಲ ತೊಳೆದಿದ್ದಾರೆ. ತೊಳೆಯುತ್ತ ಗಂಡನನ್ನು ಬೈಯುತ್ತಿದ್ದರು, ಅದು ತಂಡದವರೆಲ್ಲ ಕೇಳಿದ ಮಾತು. ಹೊತ್ತುಗೊತ್ತಿಲ್ಲದ ಮನುಷ್ಯ, ಐದು ನಿಮಿಷ ಮೊದಲು ಇಳಿದಿದ್ದರೆ ಗಂಟೇನು ಹೋಗ್ತಿತ್ತು, ಮಗಳ ಮುಖ ನೆನಪಾಗಲಿಲ್ಲವೇ ಎಂದು. ಕೆಲಸಕ್ಕೆ ತಡವಾಗಿ ಬಂದ ಹುಡುಗಿಯರಿಗೆ, ನನ್ನ ಗಂಡನ ಸಾಲಿಗೆ ಸೇರಬೇಡಿ ಕಣ್ರೇ ಎನ್ನುತ್ತಿದ್ದರು. ಕಂಟ್ರೋಲ್ ರೂಮಿನ ಕಿಟಕಿ ಆ ಕಡೆಗೇ ತೆರೆಯುತ್ತದೆ. ಮೇಷ್ಟ್ರು ಅದನ್ನು ಮುಚ್ಚಿಸಲಿಲ್ಲ.

ನಿವೃತ್ತರಾಗುವವರಿಗೆ ಕೈಗಡಿಯಾರ ಕೊಡುವುದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದದ್ದು. ಎರಡು ತಿಂಗಳ ಹಿಂದೆ ಅಭಿನಂದನ ಸಮಿತಿಯವರು ಮೇಷ್ಟ್ರ ಬಳಿ ಹೋಗಿ, ಚಿನ್ನದ ಬಣ್ಣದ್ದೋ ಬೆಳ್ಳಿಯದೋ ಎಂದು ಕೇಳಿದರು. ಇನ್ನಾದರೂ ಕೈಗೆ ಕಟ್ಟಿಕೊಳ್ಳಿ, ಇನ್ನು ಪೆಟ್ಟಿಗೆಗೆ ಹಾಕಿಸುವ ಮೇಷ್ಟ್ರು ಇರುವುದಿಲ್ಲ ಎಂದು ಒಬ್ಬರು ತಮಾಷೆ ಮಾಡಿದರು. ಎಂದೂ ನಗುತ್ತಿದ್ದ ಮೇಷ್ಟ್ರು ಅಂದು ನಗಲಿಲ್ಲ. ಎರಡು ದಿನ ಸಮಯ ಕೊಡಿ ಎಂದರು.

ಅಂದು ಸಂಜೆ ಹೆಂಡತಿಗೆ ಹೇಳಿದರು. ಆ ಏಳು ನಿಮಿಷ ಇಟ್ಟವಳು ನಾನೇ ಅಲ್ಲವೇ ಎಂದು ಆಕೆ ಕುಸಿದಾರೆಂಬ ಹೆದರಿಕೆಯೇ ಇಷ್ಟು ವರ್ಷ ಮನೆಯಲ್ಲಿಯೂ ಬಾಯಿ ಕಟ್ಟಿದ್ದೆಂದು ಅವರು ಹೇಳುತ್ತಾರೆ. ಆಕೆ ಗೋಡೆಯ ಗಡಿಯಾರದ ಕಡೆ ನೋಡಿದರು. ಆಮೇಲೆ ಹೇಳಿದರು:

“ನಾನು ಮುಂದಿಟ್ಟಿದ್ದು ಬಸ್ಸಿಗೆ. ನೀವು ಅದನ್ನ ಸೂರ್ಯನಿಗೆ ತೋರಿಸಿದ್ರಿ.” ಮತ್ತೆ, “ಆ ಹೆಂಗಸಿನ ಪಕ್ಕದಲ್ಲಿ ಹದಿನೈದು ದಿನ ಕೂತಿದ್ದೆ. ನನ್ನ ಬಾಯಿಂದ್ಲೂ ಅವರ ಗಂಡನ್ನ ಬೈಸಿಬಿಟ್ರಲ್ಲ” ಎಂದರು.

ಮರುದಿನ ಬೆಳಗ್ಗೆ ಆರೂವರೆಗೆ ಮೇಷ್ಟ್ರು ನೀರು ತುಂಬುವ ಅಂಗಳಕ್ಕೆ ಹೋದರು. ನೀರಕ್ಕ ಲಾರಿಯ ಟ್ಯಾಂಕಿಗೆ ಪೈಪು ಹಾಕಿ ನಿಂತಿದ್ದರು. ಮೇಷ್ಟ್ರು ನಿಂತೇ ಎಲ್ಲವನ್ನೂ ಹೇಳಿದರು: ಶೆಡ್ಡು, ವಾಚು, ಏಳು ನಿಮಿಷ, ಎರಡು ಹಾಳೆ, ಡ್ರಾಯರು. ಹೇಳಿ ಮುಗಿಯುವ ಹೊತ್ತಿಗೆ ಟ್ಯಾಂಕು ತುಂಬಿ ಚೆಲ್ಲುತ್ತಿತ್ತು. ಇಬ್ಬರೂ ನಲ್ಲಿ ತಿರುಗಿಸಲಿಲ್ಲ.

“ಸೈರನ್ ಕೇಳಿ ಎದ್ದಿದ್ರಾ ಅವರು?” ಎಂದು ನೀರಕ್ಕ ಕೇಳಿದರು.

“ಎದ್ದಿದ್ರು. ಡಬ್ಬಿ ಮುಚ್ಚುತ್ತಿದ್ರು. ಇನ್ನೂ ಎರಡು ನಿಮಿಷ ಇತ್ತು ಅವರಿಗೆ.”

“ನನಗೂ ಹೇಳಿದ್ರು. ನಾನು ಲೇಟಾಗಿರಲಿಲ್ಲ ಕಣೆ ಅಂದ್ರು. ಯಾವತ್ತು ತಾನೇ ತಪ್ಪು ಒಪ್ಪಿಕೊಂಡಿದ್ದೀರಿ ಅಂದೆ ನಾನು.” ಆಕೆ ಪೈಪನ್ನೇ ನೋಡುತ್ತಿದ್ದರು. “ಆಮೇಲೆ ಅವರು ನನ್ನ ಹತ್ರ ಮಾತಾಡಲಿಲ್ಲ.”

ಮೇಷ್ಟ್ರು ಕೈ ಮುಗಿಯಲು ಹೋದರು. ಆಕೆ ಅದನ್ನು ನೋಡಲಿಲ್ಲ, ಅಥವಾ ನೋಡಿಯೂ ನೋಡದಂತಿದ್ದರು.

“ಉಪ್ಪು ತಿಂದವನು ನೀರು ಕುಡೀಬೇಕು ಅಂತಾರೆ. ಇಲ್ಲಿ ಉಪ್ಪು ತಿಂದಿದ್ದು ನೀವು, ನೀರು ಕುಡಿದಿದ್ದು ನಾವು.” ನಲ್ಲಿ ನಿಲ್ಲಿಸಿದರು. “ನನ್ನೊಬ್ಬಳಿಗೆ ಹೇಳಿದ್ರೆ ಏನು ಬಂತು ಮೇಷ್ಟ್ರೇ. ಅವರು ಲೇಟು ಅಂತ ಊರಿಗೆಲ್ಲ ಹೇಳಿ ಆಗಿದೆ. ನಿಮಗೆ ಪುಸ್ತಕ ಮಾಡ್ತಿದ್ದಾರಂತಲ್ಲ, ಅದರಲ್ಲಿ ಬರೆಸಿ.”

ಷರತ್ತು ಬಂದದ್ದು ಹೀಗೆ. ಅಂದಿನ ಸರದಿ ಪೂರ್ವ ವಿಭಾಗದ್ದಲ್ಲ. ಆದರೂ ನೀರಕ್ಕ ಲಾರಿಯನ್ನು ಆ ಕಡೆಗೇ ಬಿಡಿಸಿ, ನೂರಾ ಹನ್ನೆರಡನ್ನೂ ತೊಳೆದರು. ಅಂದು ಬೈಗುಳ ಕೇಳಿಸಲಿಲ್ಲ ಎಂದು ತಂಡದವರು ಹೇಳುತ್ತಾರೆ. ಆ ದಿನದಿಂದ ಆಕೆ ಮೇಷ್ಟ್ರೊಡನೆ ಮಾತಾಡಿಲ್ಲ.

ಸಮಿತಿಯಲ್ಲಿ ಮೂರು ಸಭೆ ನಡೆದವು. ಅಭಿನಂದನ ಗ್ರಂಥದಲ್ಲಿ ಸಾವಿನ ಮಾತೇಕೆ ಎಂದವರಿದ್ದರು. ತನಿಖೆ ಮುಗಿದ ವಿಷಯ, ಒಬ್ಬರ ನೆನಪನ್ನು ನಂಬಿ ಬರೆಯಲಾದೀತೇ ಎಂದವರೂ ಇದ್ದರು. ಎರಡನೆಯ ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಹಳೆಯ ದಾಖಲೆಗಳ ಕೋಣೆಯಲ್ಲಿ ನಾಲ್ಕು ದಿನ ಹುಡುಕಲಾಯಿತು. ಸೈರನ್ ಪುಸ್ತಕ ಸಿಕ್ಕಿತು: ಆ ದಿನ ಸೈರನ್ ಆದದ್ದು ಎರಡು ಐವತ್ತೈದಕ್ಕೆ. ಕಂಟ್ರೋಲ್ ರೂಮಿನ ಪುಸ್ತಕ ಸಿಕ್ಕಿತು: ಮೇಷ್ಟ್ರು ಕೆಂಪು ಗುಂಡಿ ಒತ್ತಿದ್ದು ಮುಖ್ಯ ಗಡಿಯಾರದ ಪ್ರಕಾರ ಎರಡು ಐವತ್ತೆಂಟಕ್ಕೆ. ಮೂರು ಐದಕ್ಕೆ ಎದ್ದವೆಂದು ವರದಿ ಹೇಳುವ ಕನ್ನಡಿಗಳನ್ನು ಎರಡು ಐವತ್ತೆಂಟಕ್ಕೆ ತಿರುಗಿಸುವುದು ಯಾರಿಂದಲೂ ಸಾಧ್ಯವಿಲ್ಲ. ಎರಡು ಪುಸ್ತಕ ಎರಡು ಕೋಣೆಯಲ್ಲಿದ್ದವು. ಅಕ್ಕಪಕ್ಕ ಇಟ್ಟು ನೋಡಿದವರಿರಲಿಲ್ಲ. ಡ್ರಾಯರಿಗೆ ಹೋದ ಎರಡು ಹಾಳೆ ಮಾತ್ರ ಸಿಗಲಿಲ್ಲ.

ಆದಕಾರಣ ಈ ಗ್ರಂಥ ದಾಖಲಿಸುವುದೇನೆಂದರೆ, ಬಣ್ಣದ ಕೆಲಸಗಾರರ ಮೇಲೆ ಬೆಳಕು ಬಿದ್ದದ್ದು ಎರಡು ಗಂಟೆ ಐವತ್ತೆಂಟು ನಿಮಿಷಕ್ಕೆ. ಅವರ ಪರ್ಮಿಟ್ಟಿನಲ್ಲಿ ಇನ್ನೂ ಎರಡು ನಿಮಿಷ ಉಳಿದಿತ್ತು. ಅವರು ತಡಮಾಡಿರಲಿಲ್ಲ.

ಹಾಗಾದರೆ ಅಭಿನಂದನೆ ಯಾತಕ್ಕೆ ಎಂದು ಓದುಗರು ಕೇಳಬಹುದು, ಮೇಷ್ಟ್ರೇ ಕೇಳಿದ್ದಾರೆ. ಇಪ್ಪತ್ತೆರಡು ವರ್ಷ ತಡವಾಗಿ ಹೇಳಿದ ನಿಜಕ್ಕೆ ಹಾರ ಹಾಕುವುದು ಸರಿಯಲ್ಲ, ಹಾಕುತ್ತಲೂ ಇಲ್ಲ. ಆ ಗೋಪುರದಿಂದ ಇಷ್ಟು ವರ್ಷ ದಿನವೂ ನೆಟ್ಟಗೆ ಇಳಿದು ಮನೆಗೆ ಹೋದ ನಾವು, ಹಾಗೆ ಇಳಿಸಿದವರಿಗೆ ಋಣಿಗಳು ಎಂಬಷ್ಟೇ ನಮ್ಮ ಮಾತು. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಹಳೆಯ ವರದಿಯನ್ನು ತಿದ್ದಬೇಕೆಂದು ಮೇಷ್ಟ್ರು ಕಳೆದ ವಾರ ತಮ್ಮ ಕೈಬರಹದಲ್ಲೇ ಅರ್ಜಿ ಸಲ್ಲಿಸಿದ್ದಾರೆ. ತೆಗೆದುಕೊಂಡ ಗುಮಾಸ್ತರು, ಇಷ್ಟು ಹಳೆಯ ಕಡತ ಮೇಲೆ ಬರಲು ಎಷ್ಟು ವರ್ಷವಾದೀತೋ ಹೇಳಲಾರೆ ಎಂದರಂತೆ. ಕಾಯುತ್ತೇನೆ ಎಂದು ಮೇಷ್ಟ್ರು ರಸೀದಿ ಪಡೆದು ಬಂದಿದ್ದಾರೆ. ನಿವೃತ್ತಿಯ ನಂತರ ಅವರಿಗಿರುವ ಕೆಲಸ ಅದು, ಅದನ್ನು ಮುಗಿಸುವಷ್ಟು ಆಯುಸ್ಸೂ ಆರೋಗ್ಯವೂ ಅವರಿಗಿರಲಿ ಎಂಬುದು ಸಹೋದ್ಯೋಗಿಗಳೆಲ್ಲರ ಪ್ರಾರ್ಥನೆ.

ಲೇಖನವನ್ನು ಅಚ್ಚಿಗೆ ಕಳಿಸುವ ಮೊದಲು ನೀರಕ್ಕನ ಮುಂದೆ ಓದಲಾಯಿತು. ಎರಡು ಗಂಟೆ ಐವತ್ತೆಂಟು ನಿಮಿಷ ಎಂಬ ಸಾಲನ್ನು ಆಕೆ ಎರಡು ಸಲ ಓದಿಸಿದರು. ಗ್ರಂಥದಲ್ಲಿ ಎಲ್ಲರೂ ಒಂದು ಹಾರೈಕೆಯ ಮಾತು ಬರೆಯುತ್ತಿದ್ದಾರೆ, ನಿಮ್ಮದೂ ಸೇರಿಸಬಹುದೇ ಎಂದು ಸಮಿತಿಯವರು ಹಿಂಜರಿಯುತ್ತಲೇ ಕೇಳಿದರು. ಆಕೆ ಗಂಬೂಟಿನ ನೀರನ್ನು ಚೆಲ್ಲಿ, ಮತ್ತೆ ಕಾಲಿಗೆ ಹಾಕಿಕೊಂಡು, ಹೇಳಿದ್ದನ್ನು ಹೇಳಿದ ಹಾಗೆಯೇ ಇಲ್ಲಿ ಕೊಟ್ಟಿದ್ದೇವೆ:

“ಮೇಷ್ಟ್ರು ನೂರು ವರ್ಷ ಬಾಳಲಿ ಅಂತ ಬರ್ಕೊಳ್ಳಿ. ಒಂದು ದಿನಾನೂ ಮರೀದೆ ಬಾಳಲಿ.”